ತಳವಿಲ್ಲದ ಕೊಡಗಳ ಪಾಳಿ

ಪ್ಲಾಸ್ಟರ್ ಆಫ್ ಪ್ಯಾರಿಸ್ ಕಂಡರೆ ನಾನು ಈಗಲೂ ಮೂಗು ಮುಚ್ಚಿಕೊಳ್ಳುತ್ತೇನೆ. ಅದಕ್ಕೆ ವಾಸನೆಯೇ ಇಲ್ಲ ಎನ್ನುತ್ತಾರೆ ಬಲ್ಲವರು. ಇರಬಹುದು, ಅವರು ಒಳ್ಳೆಯ ನೀರಿನಲ್ಲಿ ಕಲಸಿದವರು. ನಾನು ಬೀದರಿನಲ್ಲಿ ಚಿತ್ರಕಲೆ ಓದುತ್ತಿದ್ದ ಬರದ ವರ್ಷಗಳಲ್ಲಿ ಕಾಲೇಜಿನ ನಲ್ಲಿ ತಿರುವಿದರೆ ಬರೀ ಗಾಳಿ ಬುಸುಗುಡುತ್ತಿತ್ತು. ಪಕ್ಕದ ಹಾಸ್ಟೆಲಿನಲ್ಲಿ ತಟ್ಟೆ ತೊಳೆದ ನೀರನ್ನು ಡ್ರಮ್ಮಿನಲ್ಲಿ ಹಿಡಿದಿಟ್ಟು ಅದರಲ್ಲೇ ನಾವು ಪ್ಲಾಸ್ಟರ್ ಕಲಸಬೇಕಿತ್ತು. ಬೇಳೆಯ ಕಾಳು, ಎಣ್ಣೆಯ ಜಿಡ್ಡು, ಯಾರೋ ಅಗಿದು ಬಿಟ್ಟ ಮೆಣಸಿನಕಾಯಿ, ಎಲ್ಲವೂ ಅದರಲ್ಲಿ ತೇಲುತ್ತಿದ್ದವು. ಮೊಣಕೈವರೆಗೆ ಅದರೊಳಗೆ ಕೈ ಹಾಕಿ ಕಲಸಿ, ಘನ, ಗೋಲ, ಶಂಕು ಎಂದು ಎರಕ ಹೊಯ್ದರೆ ಒಣಗಿದ ಮೇಲೆ ಒಂದು ಮೂಲೆಯಿಂದ ಬೇಳೆ ಇಣುಕುತ್ತಿತ್ತು. ಮಧ್ಯಾಹ್ನದ ಬುತ್ತಿ ಬಿಚ್ಚಿದರೆ ಕೈಯ ವಾಸನೆಗೆ ರೊಟ್ಟಿ ಒಳಗಿಳಿಯುತ್ತಿರಲಿಲ್ಲ.

ಆದರೂ ಆ ವಿಷಯ ನನಗೆ ಇಷ್ಟವಾಗಿತ್ತು, ಸುಳ್ಳೇಕೆ ಹೇಳಲಿ. ಮೂರು ಆಯಾಮದ ವಿನ್ಯಾಸ ಎಂದು ಅದರ ಹೆಸರು. ಅಲ್ಲಿಯವರೆಗೆ ಕಾಗದದ ಮೇಲೆ ಕೋಟೆ, ಗುಂಬಜು, ಎತ್ತು ಬರೆದುಕೊಂಡಿದ್ದವಳಿಗೆ ಒಂದು ವಸ್ತುವಿನ ಸುತ್ತ ತಿರುಗಿ ಬಂದು ನೋಡುವುದು ಹೊಸದು. ಒಂದು ದಿನ ಆ ವಿಷಯ ಕಲಿಸುತ್ತಿದ್ದ ಸರ್ ಒಂದು ಕೊಡ ಎತ್ತಿ ಹಿಡಿದು, ಕೊಡವೆಂದರೆ ಈ ಪ್ಲಾಸ್ಟಿಕ್ ಅಲ್ಲ, ಇದು ಹಿಡಿದಿಟ್ಟಿರುವ ಜಾಗ ಎಂದಿದ್ದರು. ಆ ರಾತ್ರಿ ಮನೆಯ ಡಬ್ಬಿ, ಬುಟ್ಟಿ, ಚಂಬುಗಳನ್ನೆಲ್ಲ ನಾನು ಬೇರೆ ಕಣ್ಣಿನಿಂದ ನೋಡಿದೆ. ಆ ಮನುಷ್ಯನಿಂದ ನಾನು ಕಲಿತ ಒಳ್ಳೆಯದು ಅಷ್ಟೇ.

ಸರ್ ಬೆಂಗಳೂರು ಕಡೆಯವರು. ಬೀದರಿಗೆ ವರ್ಗವಾದದ್ದನ್ನು ಕಾಡಿಗೆ ಅಟ್ಟಿದರು ಎಂಬಂತೆ ಹೇಳಿಕೊಳ್ಳುತ್ತಿದ್ದರು. ಕೊನೆಯ ವರ್ಷ ನಾವೆಲ್ಲ ಒಂದೊಂದು ಇನ್‌ಸ್ಟಲೇಶನ್ ಮಾಡಬೇಕಿತ್ತು. ಗೋಡೆಗೆ ತೂಗುಹಾಕುವ ಚಿತ್ರವಲ್ಲ, ಪೀಠದ ಮೇಲಿಡುವ ಮೂರ್ತಿಯೂ ಅಲ್ಲ. ಒಂದು ಜಾಗವನ್ನೇ ಕೃತಿಯನ್ನಾಗಿ ಮಾಡಿ, ನೋಡುವವರು ಅದರ ನಡುವೆ ಓಡಾಡುವಂತೆ ಕಟ್ಟುವುದು. ಏನು ಮಾಡೋದು ಸರ್ ಎಂದು ನಾವು ಕೇಳಿದಾಗ ಅವರು ನಕ್ಕರು.

"ಊರ ತುಂಬಾ ಬರ ಬಿದ್ದಿದೆ ಕಣ್ರೋ, ಇನ್ನೇನು ಬೇಕು ನಿಮಗೆ? ಬೇರೆ ಕಡೆ ಸ್ಟೂಡೆಂಟ್ಸ್ ಇದಕ್ಕೆ ಹೊಟ್ಟೆ ಉರ್ಕೋತಾರೆ."

ಅಲ್ಲಿಂದ ಶುರುವಾಯಿತು ಹೇಸಿಗೆ. ನನ್ನ ತರಗತಿಯವರೆಲ್ಲ ಬರವನ್ನು ಹುಡುಕುತ್ತ ಹೊರಟರು. ಒಬ್ಬ ಬಿರುಕು ಬಿಟ್ಟ ಕೆರೆಯ ಮಣ್ಣನ್ನು ಹೆಂಟೆ ಹೆಂಟೆಯಾಗಿ ಎಬ್ಬಿಸಿ ತಂದು ತರಗತಿಯಲ್ಲಿ ಜೋಡಿಸಿದ. ಇನ್ನೊಬ್ಬ ಹಲಬರ್ಗಾ ಕಡೆಯಿಂದ ಸತ್ತ ದನದ ತಲೆಬುರುಡೆಯನ್ನು ಗೋಣಿಚೀಲದಲ್ಲಿ ಹೊತ್ತು, ಭಾಲ್ಕಿಯ ಬಸ್ಸಿನಲ್ಲಿ ಕಾಲಡಿ ಇಟ್ಟುಕೊಂಡು ತಂದ. ಅದರ ಕಣ್ಣಿನ ಗೂಡಿನಲ್ಲಿ ಇನ್ನೂ ಮಾಂಸವಿತ್ತು. ಹುಳು ಹರಿಯುತ್ತಿತ್ತು. ನಾವು ಸೆರಗು, ದುಪಟ್ಟಾ ಮೂಗಿಗೆ ಒತ್ತಿಕೊಂಡು ಹೊರಗೋಡಿದರೆ ಸರ್ ಮಾತ್ರ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, "ಒರಿಜಿನಲ್! ತೊಳೀಬೇಡ, ಹೀಗೇ ಇರ್ಲಿ" ಎಂದರು. ಅದು ಹಾಗೆಯೇ ಉಳಿಯಿತು. ನೊಣಗಳು ತರಗತಿಗೆ ಪೂರಾ ಹಾಜರಿ ಹಾಕಿದವು.

ನನಗೆ ಮಾತ್ರ ಏನು ಮಾಡಬೇಕೆಂಬುದು ಮೊದಲೇ ಗೊತ್ತಿತ್ತು. ನಮ್ಮ ಓಣಿಯಲ್ಲಿ ನಾನು ನೋಡುತ್ತಲೇ ಇದ್ದ ಒಂದು ಸಾಲು ಇತ್ತು.

ಆಗ ನಾನು ಕಾಲೇಜಿನ ಹಿಂದಿನ ಓಣಿಯಲ್ಲಿ ಕಾಕಿಯ, ಎಂದರೆ ಅಪ್ಪನ ತಮ್ಮನ ಹೆಂಡತಿಯ, ಮನೆಯಲ್ಲಿದ್ದೆ. ಔರಾದ್ ತಾಲೂಕಿನ ನಮ್ಮೂರಿನಲ್ಲಿ ಅಪ್ಪ ದರ್ಜಿ. ಊರೇ ಖಾಲಿಯಾಗತೊಡಗಿದಾಗ ಬಟ್ಟೆ ಹೊಲಿಸುವವರು ಯಾರು? ಅವ್ವನನ್ನು ಕರೆದುಕೊಂಡು ಹೈದರಾಬಾದಿಗೆ ಶಾಲೆಯ ಚೀಲ ಹೊಲಿಯಲು ಹೋಗಿದ್ದ. ಕಾಕಾ ಭಾಲ್ಕಿಯಲ್ಲಿ ಕಾಳುಕಡಿ ಮಾರಿಸುವ ಅಡತಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ರೈಲಿಗೆ ಬರುತ್ತಿದ್ದ. ಮನೆಯಲ್ಲಿ ಇದ್ದವರು ನಾನು, ಕಾಕಿ, ಮತ್ತು ಕಾಕಿಯ ಮೊಣಕಾಲು ನೋವು. ಆ ನೋವಿಗೆ ಮನೆಯ ಒಬ್ಬ ಸದಸ್ಯನಷ್ಟೇ ಅಧಿಕಾರವಿತ್ತು. ಅದು ಒಪ್ಪಿದರೆ ಕಾಕಿ ಏಳುತ್ತಿದ್ದಳು, ಇಲ್ಲದಿದ್ದರೆ ಕೂತಲ್ಲಿಂದಲೇ ಅಡಿಗೆ.

ಓಣಿಗೆ ನೀರಿನ ಟ್ಯಾಂಕರ್ ಬರುವ ದಿನ ಗೊತ್ತಿದ್ದರೂ ಹೊತ್ತು ಗೊತ್ತಿರುತ್ತಿರಲಿಲ್ಲ. ಬೆಳಿಗ್ಗೆ ಬಂದೀತು, ಸಂಜೆ ಬಂದೀತು. ಹಾಗಾಗಿ ಹೆಂಗಸರು ನಸುಕಿನಲ್ಲೇ ಕೊಡ ತಂದು ಸಾಲಿನಲ್ಲಿಟ್ಟು ಮನೆಗೆ ಹೋಗುತ್ತಿದ್ದರು. ಕೊಡ ಇದ್ದರೆ ಮನುಷ್ಯ ಇದ್ದಂತೆ. ಪ್ರತಿ ಕೊಡದ ಕುತ್ತಿಗೆಗೆ ಒಂದು ಗುರುತು: ಸೀರೆಯ ಅಂಚು, ವೈರಿನ ತುಂಡು, ಕಾಯಿಸಿದ ಕಬ್ಬಿಣದಿಂದ ಸುಟ್ಟ ಗೀಟು. ಯಾರೂ ಇನ್ನೊಬ್ಬರ ಕೊಡ ಸರಿಸುತ್ತಿರಲಿಲ್ಲ. ಟ್ಯಾಂಕರ್ ಬಂದಾಗ ಕೊಡದ ಒಡತಿ ಇಲ್ಲದಿದ್ದರೆ ಹಿಂದಿನವಳು ಮೊದಲು ಆ ಕೊಡ ತುಂಬಿ ಪಕ್ಕಕ್ಕಿಟ್ಟು ಆಮೇಲೆ ತನ್ನದು ತುಂಬಿಕೊಳ್ಳಬೇಕು. ಬೆಳಗಾದರೆ ಜುಟ್ಟು ಹಿಡಿದು ಜಗಳಾಡುವವರೂ ಪಾಳಿಯ ವಿಷಯಕ್ಕೆ ಈ ರಿವಾಜು ಮೀರುತ್ತಿರಲಿಲ್ಲ. ನಿಲ್ಲಲಾಗದ ಕಾಕಿ ಆ ಓಣಿಯಲ್ಲಿ ನೀರು ಕುಡಿದು ಬದುಕಿದ್ದದ್ದೇ ಇದರಿಂದ. ನಾನು ಕಾಲೇಜಿಗೆ ಹೋಗುವಾಗ ಕೊಡ ಇಟ್ಟು ಹೋದರೆ, ಬರುವಷ್ಟರಲ್ಲಿ ಅದು ತುಂಬಿ, ಮೇಲೊಂದು ಬೇವಿನ ಟೊಂಗೆ ಹಾಕಿಸಿಕೊಂಡು ಕೂತಿರುತ್ತಿತ್ತು.

ಇಂಥ ಸಾಲನ್ನೇ ಕಾಲೇಜಿನ ಅಂಗಳದಲ್ಲಿ ಇಡಬೇಕು ಎಂದುಕೊಂಡೆ. ಬಂದವರು ಸಾಲಿನ ಕೊನೆಗೆ ನಿಂತು, ಇಲ್ಲದ ಜನರ ಹಿಂದೆ ನಡೆದುಬರಬೇಕು. ಅಷ್ಟೇ ನನ್ನ ಕೃತಿ.

ಕೊಡಗಳಿಗಾಗಿ ಊರಿಗೆ ಹೋದೆ. ನಮ್ಮ ಹಿಂದಿನ ಮನೆಯವಳು ಅಂದೇ ಗಂಟು ಕಟ್ಟುತ್ತಿದ್ದಳು. ಗಂಡ ಮಕ್ಕಳೊಂದಿಗೆ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ. ಪರೀಕ್ಷೆಗೆ ಕೊಡ ಬೇಕು, ನೀವು ತಿರುಗಿ ಬಂದ ಮೇಲೆ ಕೊಡುತ್ತೇನೆ ಎಂದೆ.

"ಒಯ್ಯವಾ ತಾಯಿ," ಎಂದಳು ಆಕೆ, ಕುತ್ತಿಗೆಗೆ ಕೆಂಪು ವೈರು ಸುತ್ತಿದ ತನ್ನ ಹಳದಿ ಕೊಡ ಎತ್ತಿ ಕೊಡುತ್ತ. "ನೀರಿಲ್ಲದ ಊರಾಗ ಕೊಡ ಇಟ್ಟ ಏನ್ ಮಾಡೋದದ. ಇಲಿ ಕಡಿತಾವ. ಆದ್ರ ಗುರ್ತ್ ಬಿಚ್ಚಬ್ಯಾಡ, ಕೊಡಾ ಯಾರ್‍ದಂತ ತಿಳಿಯಂಗಿಲ್ಲ ಮತ್ತ."

ಆಕೆಯನ್ನು ನೋಡಿ ಉಳಿದವರೂ ಕೊಟ್ಟರು. ಹಗ್ಗ ಪೋಣಿಸಿ ಔರಾದಿನಿಂದ ಬಸ್ಸಿನ ಮೇಲೆ ಹಾಕಿಸಿ, ಬೀದರಿನಲ್ಲಿ ಇಳಿಸಿ, ಆಟೋದಲ್ಲಿ ಸೀದಾ ಕಾಲೇಜಿಗೆ ತಂದೆ. ಕಾಕಿಗೆ ಅವುಗಳನ್ನು ನೋಡುವ ಪ್ರಸಂಗವೇ ಬರಲಿಲ್ಲ. ಏನೋ ಕಾಲೇಜಿನ ಕೆಲಸ ಎಂದಿದ್ದೆ, ಆಕೆಯೂ ಕೆದಕಲಿಲ್ಲ.

ಕಾಂಪೌಂಡಿನ ಗೇಟಿನಿಂದ ಅಂಗಳದ ನಡುವಿನ ಬೇವಿನ ಮರದವರೆಗೆ ಸಾಲು ಜೋಡಿಸಿದೆ. ನೇರವಾಗಿ ಅಲ್ಲ, ಓಣಿಯಲ್ಲಿರುವಂತೆ ನೆರಳು ಇದ್ದಲ್ಲಿಗೆ ಒಂದಿಷ್ಟು ಬಾಗಿಸಿ. ಸರ್ ಬಂದರು. ಸೊಂಟದ ಮೇಲೆ ಕೈಯಿಟ್ಟು ನೋಡಿದರು.

"ಇದೇನಮ್ಮಾ, ಬರೀ ಕೊಡ. ಇದನ್ನ ರಸ್ತೇಲೇ ನೋಡ್ಬಹುದಲ್ಲ. ಕಾನ್ಸೆಪ್ಟ್ ಎಲ್ಲಿ? ಒಂದು ಕೆಲಸ ಮಾಡು, ತಳ ಕತ್ತರಿಸು. ಬಾಗಿ ನೋಡಿದ್ರೆ ನೆಲ ಕಾಣ್ಬೇಕು. ಅದು ಶಾಕ್!"

"ಸರ್, ಇವು ನಮ್ಮೂರವರ ಕೊಡಾ ಅದಾವ್ರಿ. ವಾಪಸ್ ಕೊಡಬೇಕ್ರಿ."

"ಹೊಸದು ಕೊಡ್ಸು. ಪ್ಲಾಸ್ಟಿಕ್ ಕೊಡ ತಾನೆ?"

ಆಗಲ್ರಿ ಎಂದೆ. ನಮ್ಮ ಕಡೆಯವರು ಆಗಲ್ರಿ ಎಂದರೆ ಅಲ್ಲಿಗೆ ಮಾತು ಮುಗಿಯಿತೆಂದು ಅರ್ಥ. ಸರ್‌ಗೆ ಹಾಗೆ ಅರ್ಥವಾಗಲಿಲ್ಲ.

ಮರುದಿನ ಪರೀಕ್ಷೆ. ಬೆಳಿಗ್ಗೆ ಗೇಟಿನ ಹತ್ತಿರ ಬರುತ್ತಿದ್ದಂತೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಗಂಟಲಿಗೆ ಹತ್ತಿತು. ಕಾಯಿಸಿದ ಚಾಕುವಿನಿಂದ ಎಲ್ಲ ಕೊಡಗಳ ತಳ ತೆಗೆಸಿ, ಮತ್ತೆ ನನ್ನ ಸಾಲಿನಲ್ಲೇ ನೆಟ್ಟಗೆ ಕೂರಿಸಿದ್ದರು. ದೂರದಿಂದ ಏನೂ ಗೊತ್ತಾಗುತ್ತಿರಲಿಲ್ಲ. ಗೋಡೆಯ ಬದಿಗೆ ಹಳದಿ, ನೀಲಿ, ಹಸಿರು ಬಿಲ್ಲೆಗಳು ಕಸದಂತೆ ಗುಡ್ಡೆ ಬಿದ್ದಿದ್ದವು. ಅಂಚು ಕರಗಿ ಕಪ್ಪಾಗಿ, ಸುಟ್ಟ ಗಾಯದ ಹಾಗೆ ಮುದುರಿಕೊಂಡಿತ್ತು. ಸರ್ ಚಹಾ ಹೀರುತ್ತ ನಿಂತಿದ್ದರು.

"ನಿನ್ನ ವರ್ಕ್ ಉಳಿಸಿದೀನಿ. ಆಮೇಲೆ ಥ್ಯಾಂಕ್ಸ್ ಹೇಳುವೆಯಂತೆ. ಹೆಸರಿನ ಚೀಟಿ ಅಂಟಿಸ್ಬೇಡ, ನೋಡೋರು ತಾವೇ ಕಂಡುಕೊಳ್ಳಲಿ. ಹೋಗು, ಮೇಲೆ ಹಾಲ್‌ನಲ್ಲಿ ನಿನ್ನ ಡ್ರಾಯಿಂಗ್ ಹತ್ರ ನಿಂತ್ಕೋ."

ಅವರ ಮುಖಕ್ಕೆ ಉಗುಳಬೇಕೆನಿಸಿತು. ಉಗುಳಲಿಲ್ಲ. ಕೃತಿಯಿಲ್ಲದವರಿಗೆ ಅಂಕವಿಲ್ಲ, ಅಂಕವಿಲ್ಲದಿದ್ದರೆ ಭಾಲ್ಕಿಯ ಶಾಲೆಯವರು ಕೊಡುತ್ತೇವೆಂದಿದ್ದ ಡ್ರಾಯಿಂಗ್ ಟೀಚರ್ ಕೆಲಸವೂ ಇಲ್ಲ. ಮೇಲೆ ಹೋಗಿ ನಿಂತೆ. ಬೆಂಗಳೂರಿನಿಂದ ಬರಬೇಕಾದ ಪರೀಕ್ಷಕರು ಹೋಟೆಲಿನಲ್ಲಿ ಇನ್ನೂ ನಾಷ್ಟಾ ಮಾಡುತ್ತಿದ್ದಾರೆ ಎಂದು ಸುದ್ದಿ ಬಂತು. ಹುಳು ಬಿದ್ದ ಬುರುಡೆಯ ಪಕ್ಕದಲ್ಲಿ ನಿಂತು ನಾವೆಲ್ಲ ಕಾದೆವು.

ಕೆಳಗೆ ನಡೆದದ್ದನ್ನು ಆಮೇಲೆ ಓಣಿಯವರ ಬಾಯಿಂದ ಕೇಳಿದೆ. ಪ್ರದರ್ಶನಕ್ಕೆಂದು ಕಾಲೇಜಿನವರು ಓಣಿಯ ಬಾಯಿಗೇ ಶಾಮಿಯಾನ ಹೊಡೆದಿದ್ದರು. ಬರುವ ದಿನವಲ್ಲದಿದ್ದರೂ ಅಂದೇ ಟ್ಯಾಂಕರ್ ಬರಬೇಕೆ? ಒಳಗೆ ಹೋಗಲು ದಾರಿಯಿಲ್ಲದೆ ಡ್ರೈವರ್ ಅದನ್ನು ಕಾಲೇಜಿನ ಅಂಗಳಕ್ಕೆ ತಿರುಗಿಸಿ ಬೇವಿನ ಮರದ ಕೆಳಗೆ ನಿಲ್ಲಿಸಿದ. ಹೆಂಗಸರು ಕೊಡ ಹಿಡಿದು ಓಡಿ ಬಂದರು. ನಾನು ಮನೆಯಲ್ಲಿ ಇಲ್ಲದ್ದರಿಂದ ಕಾಕಿಯೂ ಗೋಡೆ ಹಿಡಿದುಕೊಂಡು ಬಂದಳು. ನೋಡಿದರೆ ಟ್ಯಾಂಕರಿನ ಮುಂದೆ ಆಗಲೇ ಉದ್ದನೆಯ ಪಾಳಿ.

ಯಾರ ಕೊಡಗಳೋ ಯಾರಿಗೂ ತಿಳಿಯಲಿಲ್ಲ. ಆ ವರ್ಷ ಹಳ್ಳಿಗಳಿಂದ ಬಂದು ಬೀದರಿನ ಓಣಿಗಳಲ್ಲಿ ಇಳಿದುಕೊಳ್ಳುವವರು ದಿನಾ ಇದ್ದದ್ದರಿಂದ ಯಾರೂ ಆಶ್ಚರ್ಯಪಡಲಿಲ್ಲ. ಒಬ್ಬಿಬ್ಬರದಾದರೆ ತುಂಬಿಡಬಹುದಿತ್ತು, ಇಡೀ ಸಾಲಿಗೇ ಒಡತಿಯರಿಲ್ಲದಾಗ ಅವರು ಬರಲಿ ಎಂದು ತಮ್ಮ ಕೊಡಗಳನ್ನು ಹಿಂದೆ ಇಟ್ಟು ಬಿಸಿಲಲ್ಲಿ ನಿಂತರು. ಒಬ್ಬಳು ಮಾತ್ರ ತಾಳ್ಮೆಗೆಟ್ಟು, "ಯಾರೂ ಬರವಲ್ಲರು. ಇವನ್ನ ಸರಸಿ ನಮ್ಮವು ಹಚ್ಚೋಣು" ಎಂದಳಂತೆ. ಅಷ್ಟರಲ್ಲಿ ಕಾಕಿಯ ಕಣ್ಣು ಕೆಂಪು ವೈರಿನ ಮೇಲೆ ಬಿತ್ತು.

"ಯವ್ವಾ! ಇದು ನಮ್ಮೂರ ಹಿಂದಿನ ಮನಿಯಾಕೀದು!" ಎಂದು ಕಾಕಿ ಕೂಗಿಕೊಂಡಳಂತೆ. "ಇದು ಬಾವಿ ಕಡಿ ಮನಿದು. ಇದು ನಮ್ಮ ಅತ್ತಿಯವರ ಓಣೀದು. ಹೈದರಾಬಾದಕ್ಕ ಹೋಗ್ಯಾರಂತ ಕೇಳಿದ್ದೆ, ಇಲ್ಲೇ ಬಂದಾರ ನೋಡ್ರಿ ಎಲ್ಲಾರೂ!"

"ಬಂದಿದ್ರ ಎಲ್ಲಿ ಹೋಗ್ಯಾರ್ರಿ ಅಕ್ಕೋರ?" ಎಂದು ಆಕೆ ಕಾಕಿಯನ್ನು ಕೇಳಿದಳಂತೆ.

"ಮನಿ ಹುಡಕಲಿಕ್ಕ ಹೋಗಿರಬೇಕು. ಅವರ ಪಾಳಿ ಹ್ಯಾಂಗ ಮುರೀತೀರಿ? ನಮ್ಮೂರ ಮಂದಿ ಅವರು. ನನ್ನ ಮಾತಿನ ಮ್ಯಾಲ ನಿಂದರ್ರಿ, ನಾ ಜಿಮ್ಮೇದಾರ್ ಇದ್ದೇನಿ."

ಕಾಕಿಯ ಮಾತಿನ ಮೇಲೆ ಅವರು ನಿಂತರು. ಬಿಸಿಲು ನೆತ್ತಿಗೇರಿತು. ಒಬ್ಬರೂ ಸಾಲು ಮುರಿಯಲಿಲ್ಲ. ಕಡೆಗೆ ಡ್ರೈವರ್, "ಜಲ್ದಿ ಮಾಡ್ರಿ, ಜನವಾಡಕ್ಕ ಹೋಗೋದದ" ಎಂದು ಗದರಿಸಿದ. ಮಾತು ಕೊಟ್ಟವಳು ತಾನು, ಇಲ್ಲದವರ ಕೊಡ ತುಂಬಬೇಕಾದವಳೂ ತಾನೇ ಎಂದು ಕಾಕಿ ಕುಂಟುತ್ತ ಮುಂದೆ ಹೋಗಿ ಪೈಪು ಹಿಡಿದಳು. ಮೊದಲನೆಯ ಕೊಡಕ್ಕೆ ಬಿಟ್ಟಳು.

ಸರಿಯಾಗಿ ಆಗಲೇ ಪರೀಕ್ಷಕರ ಕಾರು ಬಂತು. ಸರ್ ನಮ್ಮನ್ನೆಲ್ಲ ಕೆಳಗೆ ಕರೆದರು. ನಾನು ಮೆಟ್ಟಿಲಿಳಿದು ಬಂದಾಗ ಕಂಡದ್ದು: ಕಾಕಿ ಬಾಗಿ ಪೈಪು ಹಿಡಿದಿದ್ದಾಳೆ, ನೀರು ಕೊಡದೊಳಗೆ ಧೋ ಎಂದು ಬೀಳುತ್ತಿದೆ, ಕೊಡ ತುಂಬುತ್ತಿಲ್ಲ. ಕೆಂಪು ಮಣ್ಣು ಗಟಗಟನೆ ಕುಡಿಯುತ್ತಿದೆ. ಕಾಕಿ ಸೀಳು ಬಿಟ್ಟಿರಬೇಕು ಎಂದುಕೊಂಡು ಕೊಡ ಎತ್ತಿದಳು. ತಳವಿಲ್ಲದ ಕೊಡದ ಮೂಲಕ ಆ ಕಡೆಯಿದ್ದ ಆಕೆಯ ಮುಖ ಕಂಡಿತು. ಎರಡನೆಯದನ್ನು ಎತ್ತಿದಳು. ಅದೂ ಹಾಗೆಯೇ. ಆಮೇಲೆ ನನ್ನನ್ನು ನೋಡಿದಳು.

ಪರೀಕ್ಷಕರು ನಿಂತಲ್ಲೇ ಕೈಯೆತ್ತಿ ಎಲ್ಲರನ್ನೂ ತಡೆದರು. ಖಾದಿ ಜುಬ್ಬಾ, ಬೆಳ್ಳಿ ಕಡಗ, ಕೊರಳಲ್ಲಿ ಕ್ಯಾಮೆರಾ.

"ಓಹ್! ಪರ್ಫಾರ್ಮೆನ್ಸ್ ಕೂಡ ಇದೆಯಾ? ಜನರನ್ನೇ ಕೃತಿಯೊಳಗೆ ತಂದಿದೀರಾ?"

ಸರ್ ಕಣ್ಣು ಕೂಡ ಮಿಟುಕಿಸಲಿಲ್ಲ. "ಹೌದು ಸರ್. ತುಂಬಾ ದಿನದಿಂದ ವರ್ಕ್ ಮಾಡಿಸ್ತಿದೀನಿ."

ಜೀವನದಲ್ಲಿ ನಾನು ಎಷ್ಟೋ ಸುಳ್ಳು ಕೇಳಿದ್ದೇನೆ. ಅಷ್ಟು ಸಲೀಸಾಗಿ, ಅಷ್ಟು ನುಣ್ಣಗೆ ಹೊರಬಂದ ಸುಳ್ಳನ್ನು ಇನ್ನೊಮ್ಮೆ ಕೇಳಿಲ್ಲ. ಪರೀಕ್ಷಕರು ಕ್ಯಾಮೆರಾ ಕಣ್ಣಿಗೆ ಹಚ್ಚಿ ಕಾಕಿಯ ಹತ್ತಿರ ಹೋದರು.

"ಅಮ್ಮಾ, ಇನ್ನೊಂದ್ ಸಲ ಹಾಕಿ ನೀರು. ಅದೇ ಕೊಡಕ್ಕೆ. ನನ್ನ ನೋಡ್ಬೇಡಿ, ನೀರು ನೋಡಿ. ಮುಖ ಹಾಗೇ ಇರ್ಲಿ."

ಕಾಕಿಗೆ ಏನೂ ಅರ್ಥವಾಗಿರಲಿಲ್ಲ. ಆದರೆ ಇದು ಮಗಳ ಕಾಲೇಜು, ಹೇಳುತ್ತಿರುವವರು ದೊಡ್ಡ ಸಾಹೇಬರು. "ಹಾಕ್ಲಿನ್ರಿ ಸಾಹೇಬ್ರ?" ಎಂದು ಕೇಳಿದಳು. ಕೇಳಿ, ತಳವಿಲ್ಲದ ಕೊಡಕ್ಕೆ ನೀರು ಬಿಟ್ಟಳು. ಹಿಂದೆ ಓಣಿಯ ಹೆಂಗಸರು ಬಾಯಿ ಮಾಡತೊಡಗಿದರು. "ಅಯ್ಯಯ್ಯ, ನೀರ್ ಹೊಂಟಾವಲ್ರಿ! ಬಂದ್ ಮಾಡ್ರಿ!" ಪರೀಕ್ಷಕರಿಗೆ ಅದೂ ಖುಷಿಯೇ. ಅತ್ತ ತಿರುಗಿ ಅವರ ಬೈಗುಳದ ಫೋಟೋ ತೆಗೆದರು. ಸರ್ ಡ್ರೈವರಿಗೆ ಪೈಪು ನಿಲ್ಲಿಸಬೇಡ ಎಂದು ಕೈಸನ್ನೆ ಮಾಡಿದರು.

ನಾನು ಓಡಿಹೋಗಿ ಕಾಕಿಯ ಕೈಯಿಂದ ಪೈಪು ಕಸಿದುಕೊಂಡೆ. ಸಾಲಿನ ಹಿಂದೆ ಎಳೆದುಕೊಂಡು ಹೋಗಿ ಓಣಿಯ ಮೊದಲನೆಯ ಕೊಡಕ್ಕೆ ಹಾಕಿದೆ. "ಇದು ಕೃತಿ ಅಲ್ರಿ, ಏನೂ ಅಲ್ರಿ! ಇವರಿಗೆ ನೀರ್ ಬೇಕು!" ಎಂದು ಕಿರುಚಿದೆ. ಆಮೇಲೆ ಪರೀಕ್ಷಕರು ಕ್ಯಾಮೆರಾ ಇಳಿಸಿ ಚಪ್ಪಾಳೆ ತಟ್ಟಿದರು. ಸರ್ ತಟ್ಟಿದರು. ಸರ್ ತಟ್ಟಿದ್ದು ನೋಡಿ ನನ್ನ ತರಗತಿಯವರೂ ತಟ್ಟಿದರು.

ನಾನು ಬೇವಿನ ಮರದ ಬುಡಕ್ಕೆ ಹೋಗಿ ಕಾರಿಕೊಂಡೆ. ಅದನ್ನೂ ಕೃತಿಯ ಭಾಗ ಎನ್ನಲಿಲ್ಲ, ಪುಣ್ಯ.

ಕೆಲವೇ ಕೊಡ ತುಂಬುವಷ್ಟರಲ್ಲಿ ಓಣಿಯ ಪಾಲು ಮುಗಿಯಿತು, ಉಳಿದದ್ದು ಜನವಾಡಕ್ಕೆ ಎಂದು ಡ್ರೈವರ್ ಪೈಪು ಸುತ್ತಿಕೊಂಡ. ಉಳಿದವರು ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ಹೊರಟರು. ಯಾರೂ ಕಾಕಿಯನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಬ್ಬಳು ಹಾದುಹೋಗುವಾಗ, "ನಿಮ್ಮ ಮಾತಿನ ಮ್ಯಾಲ ನಿಂತೇವಲ್ರಿ ಅಕ್ಕೋರ" ಎಂದಳು, ಅಷ್ಟೇ.

ಮನೆಗೆ ಬಂದ ಮೇಲೆ ನಾನು ಅಳುತ್ತ ಎಲ್ಲವನ್ನೂ ಹೇಳಿದೆ: ಕೊಡ ತಂದದ್ದು, ಸರ್ ಕತ್ತರಿಸಿದ್ದು, ಎಲ್ಲ. ಕಾಕಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೇಳಿಸಿಕೊಂಡಳು. ಆಕೆ ಕೇಳಿದ್ದು ಒಂದೇ ಮಾತು.

"ಹಂಗಾದ್ರ ಹಿಂದಿನ ಮನಿಯಾಕಿ ಬಂದಿಲ್ಲ?"

ಇಲ್ಲ ಎಂದೆ. ಕಾಕಿ ಎಣ್ಣೆಯ ಬಾಟಲಿ ಮುಚ್ಚಿಟ್ಟು ಅಡಿಗೆಗೆ ಎದ್ದಳು.

ನನಗೆ ತರಗತಿಗೇ ಹೆಚ್ಚು ಅಂಕ ಬಂದವು. ಕೊಡಗಳನ್ನು ಸರ್ ಟೆಂಪೊದಲ್ಲಿ ಹೇರಿ ಬೆಂಗಳೂರಿನ ಪ್ರದರ್ಶನಕ್ಕೆ ಒಯ್ದರು; ಜನ ಒಂದು ಕಡೆಗೆ ಗುಳೆ ಹೋದರೆ ಅವರ ಕೊಡ ಇನ್ನೊಂದು ಕಡೆಗೆ ಹೋದವು. ಫೋಟೋ ಯಾವುದೋ ಪತ್ರಿಕೆಯಲ್ಲೂ ಬಂತು. ಅದರಲ್ಲಿ ಕಾಕಿಯ ಮುಖವಿದೆ, ಅವರು ಹೇಳಿದಂತೆ ನೀರು ನೋಡುತ್ತಿರುವ ಮುಖ. ಅದನ್ನು ನಾನು ಮನೆಗೆ ತರಲಿಲ್ಲ.

ಮುಂದಿನ ಸಲ ಟ್ಯಾಂಕರ್ ಬರುವ ದಿನ ನಸುಕಿನಲ್ಲೇ ಎದ್ದು ನಮ್ಮ ಕೊಡವನ್ನು ಎಂದಿನಂತೆ ಸಾಲಿನಲ್ಲಿಟ್ಟು ಬಂದೆ. ಸ್ವಲ್ಪ ಹೊತ್ತಿಗೆ ಹೋಗಿ ನೋಡಿದರೆ ಅದು ಸಾಲಿನಿಂದ ಹೊರಗೆ, ಚರಂಡಿಯ ಬದಿಗೆ ಇತ್ತು. ಎಸೆದಿರಲಿಲ್ಲ, ಜೋಪಾನವಾಗಿಯೇ ತೆಗೆದಿಟ್ಟಿದ್ದರು. ನಾನು ಮತ್ತೆ ಒಳಗಿಡಲು ಹೋದೆ. ಅಂದು ಹಾದುಹೋಗುವಾಗ ಕಾಕಿಗೆ ಆ ಮಾತು ಅಂದವಳೇ ಕೈ ಅಡ್ಡ ಹಿಡಿದಳು. ಆಕೆಯ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

"ನಿಮ್ಮ ಮನಿ ಕೊಡಾ ಇಟ್ಟ ಹೋದ್ರ ಆಗಂಗಿಲ್ಲವಾ. ಮನಿಷ್ಯಾ ನಿಂದರಬೇಕು."

"ನಾ ನಿಂದರ್ತೇನ್ರಿ."

"ನೀ ಬ್ಯಾಡ. ಮಾತ್ ಕೊಟ್ಟಾಕಿ ಕಾಕಿ. ಆಕೀನೇ ನಿಂದರ್ಲಿ."

ನಾನು ಜಗಳಕ್ಕೆ ನಿಂತೆ. ಅಷ್ಟರಲ್ಲಿ ಹಿಂದಿನಿಂದ ಗೋಡೆಗೆ ಕೈ ಉಜ್ಜುತ್ತ ಬರುವ ಸಪ್ಪಳ ಕೇಳಿಸಿತು. ಕಾಕಿ ಬಂದಿದ್ದಳು. "ಸುಮ್ಮಿರು," ಎಂದು ನನ್ನನ್ನು ಗದರಿಸಿ, ಕೊಡವನ್ನು ಎತ್ತಿಕೊಂಡು ಸಾಲಿನ ಕಟ್ಟಕಡೆಗೆ ಹೋಗಿ ಇಟ್ಟಳು. ಒಂದು ಕಾಲಿನ ಮೇಲೆ ಭಾರ ಹಾಕಿ ಅದರ ಪಕ್ಕದಲ್ಲಿ ನಿಂತಳು. ಕೂರಲಿಲ್ಲ.

ಹೊಸದಾಗಿ ಬಂದವಳೊಬ್ಬಳು ತನ್ನ ಕೊಡ ತಂದು ಕಾಕಿಯ ಹಿಂದೆ ಇಟ್ಟಳು. ಆಕೆ ಏನೂ ಕೇಳಿರಲಿಲ್ಲ, ಕಾಕಿಯ ಕಡೆ ನೋಡಿಯೂ ಇರಲಿಲ್ಲ. ಕಾಕಿ ತಾನಾಗಿಯೇ ಬಾಗಿ, ನಮ್ಮ ಕೊಡವನ್ನು ಎತ್ತಿ, ಬೋರಲು ಹಿಡಿದು, ಆಕೆಗೆ ತಳ ತೋರಿಸಿದಳು.